ಒಂದೇ ಕೀಬೋರ್ಡ್, ಒಂದೇ ಮಾನಿಟರ್, ಎರಡು ಸಿಪಿಯು: ಕನ್ನಡ ಟೈಪ್ ಮಾಡ್ತಿದ್ರೆ ಇದ್ದಕ್ಕಿದ್ದಂಗೆ ಇನ್ನೊಂದು ಕಂಪ್ಯೂಟರ್‌ಗೆ ಹೋಗ್ತಿದೆ, ಯಾಕೆ?

ಮಂಡಿಪೇಟೆ ಡಿಟಿಪಿ:
ಎಲ್ರಿಗೂ ನಮಸ್ಕಾರ. ತುಮಕೂರು ಮಂಡಿಪೇಟೇಲಿ ನಮ್ದೊಂದು ಡಿಟಿಪಿ ಅಂಗಡಿ ಇದೆ, ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್, ಜೊತೆಗೆ ಅರ್ಜಿ ಟೈಪಿಂಗ್. ಹಳೇ ಸಿಪಿಯು ವಿಂಡೋಸ್ ಎಕ್ಸ್‌ಪಿ, ಅದ್ರಲ್ಲಿ ಪುಟ ಜೋಡಿಸೋ ಪೇಜ್‌ಮೇಕರ್ 7 ಮತ್ತೆ ಕನ್ನಡ ಟೈಪ್ ಮಾಡೋ ನುಡಿ 4, ನಮ್ಮ ಹಳೇ ಮ್ಯಾಟರ್ ಎಲ್ಲಾ ಅದ್ರಲ್ಲೇ ಇರೋದು, ಅದನ್ನ ತೆಗಿಯೋ ಹಾಗಿಲ್ಲ. ಈಗ ಹೊಸದೊಂದು ವಿಂಡೋಸ್ 11 ಸಿಪಿಯು ತಂದಿದೀವಿ. ಅಂಗಡೀಲಿ ಇರೋದೇ ಒಂದು ಟೇಬಲ್, ಎರಡು ಮಾನಿಟರ್ ಎರಡು ಕೀಬೋರ್ಡ್ ಇಟ್ರೆ ಗಿರಾಕಿ ಪ್ರೂಫ್ ನೋಡೋಕೆ ಜಾಗ ಇರಲ್ಲ. ಅದಕ್ಕೆ ಎರಡು ಪೋರ್ಟ್‌ದು ಕೆವಿಎಂ ಸ್ವಿಚ್ ತಗೊಂಡ್ವಿ, ಮಾನಿಟರ್ ಕೀಬೋರ್ಡ್ ಮೌಸ್ ಮೂರೂ ಅದಕ್ಕೆ ಹಾಕಿದೀವಿ, ಬಟನ್ ಒತ್ತಿದ್ರೆ ಆ ಕಂಪ್ಯೂಟರ್, ಮತ್ತೆ ಒತ್ತಿದ್ರೆ ಈ ಕಂಪ್ಯೂಟರ್.

ಸಮಸ್ಯೆ ಏನಂದ್ರೆ ಟೈಪ್ ಮಾಡ್ತಾ ಮಾಡ್ತಾ ಇದ್ದಕ್ಕಿದ್ದಂಗೆ ಸ್ಕ್ರೀನ್ ಕಪ್ಪಾಗಿ ಇನ್ನೊಂದು ಕಂಪ್ಯೂಟರ್ ಬಂದ್ಬಿಡುತ್ತೆ, ಯಾರೂ ಬಟನ್ ಮುಟ್ಟಿರಲ್ಲ. ಇಂಗ್ಲಿಷ್ ಬಿಲ್ ಮಾಡುವಾಗ ಒಂದ್ಸಲಾನೂ ಆಗಿಲ್ಲ, ಕನ್ನಡ ಮ್ಯಾಟರ್ ಹೊಡಿಯುವಾಗ್ಲೇ ಆಗೋದು, ಅದೂ ಯಾವಾಗ್ಲೂ ಅಲ್ಲ. ಅಂಗಡಿಯವ್ರು ಪೀಸ್ ಬದಲಾಯಿಸಿ ಕೊಟ್ರು, ಅದ್ರಲ್ಲೂ ಇದೇ ಕಥೆ. ಇನ್ನೊಂದು, ಹೊಸ ಸಿಪಿಯುದು ಅಕ್ಷರ ಸ್ವಲ್ಪ ಮಸುಕಾಗಿ ಕಾಣುತ್ತೆ. ಗೊತ್ತಿರೋರು ದಯವಿಟ್ಟು ಹೇಳಿ, ಮದುವೆ ಸೀಸನ್ ಹತ್ರ ಬರ್ತಿದೆ.

ಕ್ಯಾತ್ಸಂದ್ರ ಹುಡುಗ:
ಸ್ವಿಚ್ ಬಿಸಾಕಿ ಗುರು. ಸಾಫ್ಟ್‌ವೇರಲ್ಲೇ ಆಗುತ್ತೆ ಈಗ. ಮೈಕ್ರೋಸಾಫ್ಟ್‌ದೇ ಮೌಸ್ ವಿದೌಟ್ ಬಾರ್ಡರ್ಸ್ ಅಂತ ಇದೆ, 2023ರಿಂದ ಪವರ್‌ಟಾಯ್ಸ್ ಅನ್ನೋ ಅವ್ರದೇ ಟೂಲ್ ಪ್ಯಾಕ್ ಒಳಗೇ ಬರುತ್ತೆ, ಫ್ರೀ, ನಾಲ್ಕು ಕಂಪ್ಯೂಟರ್ ತನಕ ಒಂದೇ ಮೌಸ್ ಕೀಬೋರ್ಡ್.

ಗೌರಿಬಿದನೂರು ಲಿನಕ್ಸ್:
@ಕ್ಯಾತ್ಸಂದ್ರ ಹುಡುಗ ಅವ್ರ ಪೋಸ್ಟ್ ಪೂರ್ತಿ ಓದಿ ಸರ್. ಹಳೇದು ಎಕ್ಸ್‌ಪಿ, ಪವರ್‌ಟಾಯ್ಸ್‌ಗೆ ವಿಂಡೋಸ್ 10 ಆದ್ರೂ ಬೇಕು. ಅದಲ್ದೆ ಅದು ಕೀಬೋರ್ಡ್ ಮೌಸ್ ಮಾತ್ರ ಹಂಚುತ್ತೆ, ಮಾನಿಟರ್ ಹಂಚಲ್ಲ. ಎರಡೂ ಕಂಪ್ಯೂಟರ್‌ಗೆ ಬೇರೆ ಬೇರೆ ಸ್ಕ್ರೀನ್ ಇದ್ದು ಪಕ್ಕಪಕ್ಕ ಇಟ್ಕೊಂಡೋರಿಗೆ ಅದು ಚೆನ್ನಾಗಿದೆ. ಇವ್ರಿಗೆ ಜಾಗಾನೇ ಇಲ್ಲ ಅಂತಿದಾರೆ.

ಎಸ್‌ಐಟಿ ಎಕ್ಸ್‌ಟೆನ್ಶನ್ ಅಕ್ಕ:
ಒಂದು ಪ್ರಶ್ನೆ ಡಿಟಿಪಿಯವ್ರಿಗೆ. ನುಡೀಲಿ ಕನ್ನಡದಿಂದ ಇಂಗ್ಲಿಷ್‌ಗೆ ಹೋಗೋಕೆ ಯಾವ ಕೀ ಒತ್ತೀರ? ಸ್ಕ್ರೋಲ್ ಲಾಕ್ ತಾನೆ?

ಮಂಡಿಪೇಟೆ ಡಿಟಿಪಿ:
ಹೌದು ಮೇಡಂ, ಸ್ಕ್ರೋಲ್ ಲಾಕೇ. ಲೈಟ್ ಹತ್ತಿದ್ರೆ ಕನ್ನಡ, ಆರಿದ್ರೆ ಇಂಗ್ಲಿಷ್. ಶುರುವಿಂದ ಅದೇ ಅಭ್ಯಾಸ.

ಎಸ್‌ಐಟಿ ಎಕ್ಸ್‌ಟೆನ್ಶನ್ ಅಕ್ಕ:
ಅಲ್ಲೇ ಇರೋದು ವಿಷಯ. ಬಹಳಷ್ಟು ಕೆವಿಎಂ ಸ್ವಿಚ್‌ಗಳಲ್ಲಿ ಬಟನ್ ಜೊತೆಗೆ ಕೀಬೋರ್ಡಿಂದಲೂ ಬದಲಾಯಿಸೋ ಹಾಟ್‌ಕೀ ಕೊಟ್ಟಿರ್ತಾರೆ, ಮತ್ತೆ ಅದು ಹೆಚ್ಚಾಗಿ ಸ್ಕ್ರೋಲ್ ಲಾಕನ್ನ ಬೇಗ ಬೇಗ ಎರಡು ಸಲ ಒತ್ತೋದು. ಬೇರೆ ಊರವ್ರು ಯಾರೂ ಸ್ಕ್ರೋಲ್ ಲಾಕ್ ಮುಟ್ಟಲ್ಲ, ಅದಕ್ಕೆ ಕಂಪನಿಗಳು ಆ ಕೀನೇ ಹಾಟ್‌ಕೀಗೆ ಇಟ್ಟಿರೋದು. ನುಡಿ ಬಳಸೋರಿಗೆ ಮಾತ್ರ ಅದು ದಿನಕ್ಕೆ ಎಷ್ಟು ಸಲ ಒತ್ತೋ ಕೀನೋ ಲೆಕ್ಕಾನೇ ಇಲ್ಲ. ಲಗ್ನಪತ್ರಿಕೇಲಿ ಫೋನ್ ನಂಬರ್, ಇಮೇಲ್ ಬಂದ್ರೆ ಇಂಗ್ಲಿಷ್‌ಗೆ ಹೋಗ್ತೀರ, ತಕ್ಷಣ ವಾಪಸ್ ಕನ್ನಡಕ್ಕೆ ಬರ್ತೀರ. ಎರಡು ಒತ್ತೂ ಹತ್ತಿರ ಹತ್ತಿರ ಬಿದ್ರೆ ಸ್ವಿಚ್ಚು 'ಓ, ಇವ್ರು ಇನ್ನೊಂದು ಕಂಪ್ಯೂಟರ್ ಕೇಳ್ತಿದಾರೆ' ಅಂತ ತಗೊಳುತ್ತೆ. ನಿಧಾನಕ್ಕೆ ಒತ್ತಿದಾಗ ಏನೂ ಆಗಲ್ಲ, ಅದಕ್ಕೇ ನಿಮಗೆ ಯಾವಾಗ್ಲೂ ಆಗ್ತಿಲ್ಲ. ಪೀಸ್ ಎಷ್ಟು ಬದಲಾಯಿಸಿದ್ರೂ ಇದು ಹೋಗಲ್ಲ, ಯಾಕಂದ್ರೆ ಕೆಟ್ಟಿಲ್ಲ ಅದು.

ಬಂಗಾರಪೇಟೆ 73:
ಅಕ್ಕ ಸೂಪರ್ 🙏

ಮಂಡಿಪೇಟೆ ಡಿಟಿಪಿ:
ಮೇಡಂ ಈಗ್ಲೇ ನೋಡಿದೆ. ನೋಟ್‌ಪ್ಯಾಡ್ ತೆಗ್ದು ಸುಮ್ನೆ ಎರಡು ಸಲ ಪಟಪಟ ಒತ್ತಿದೆ, ಜಂಪ್ ಆಯ್ತು. ನಿಧಾನ ಒತ್ತಿದ್ರೆ ಆಗ್ಲಿಲ್ಲ. ನೀವು ಹೇಳಿದ್ದೇ ಸರಿ. ಈಗ ಇದಕ್ಕೆ ದಾರಿ ಏನು? ನುಡಿ ಅಭ್ಯಾಸ ಬಿಡೋಕಾಗಲ್ಲ, ನಮ್ಮ ಅಂಗಡೀಲಿ ಟೈಪ್ ಮಾಡೋ ಹುಡುಗಿಗೂ ಕೈ ಅದಕ್ಕೇ ಹೊಂದ್ಕೊಂಡಿದೆ.

ಗೌರಿಬಿದನೂರು ಲಿನಕ್ಸ್:
ಮೂರು ದಾರಿ ಇದಾವೆ.

ನಿಮ್ಮ ಸ್ವಿಚ್ ಜೊತೆ ಬಂದಿರೋ ಚೀಟಿ ನೋಡಿ, ಕೆಲವು ಮಾಡೆಲಲ್ಲಿ ಹಾಟ್‌ಕೀನ ಕ್ಯಾಪ್ಸ್ ಲಾಕ್‌ಗೋ ನಮ್ ಲಾಕ್‌ಗೋ ಕಂಟ್ರೋಲ್‌ಗೋ ಬದಲಾಯಿಸ್ಬೋದು, ಇಲ್ಲಾ ಪೂರ್ತಿ ಆಫ್ ಮಾಡ್ಬೋದು.

ಅದು ಇಲ್ದಿದ್ರೆ ಸ್ವಿಚ್ ಹಿಂದೆ ನೋಡಿ. ಕೀಬೋರ್ಡ್ ಚಿತ್ರ, ಮೌಸ್ ಚಿತ್ರ ಹಾಕಿರೋ ಎರಡು ಯುಎಸ್‌ಬಿ ಪೋರ್ಟ್ ಇರ್ತವೆ, ಅದರ ಜೊತೆ ಇನ್ನೊಂದೆರಡು ಸಾದಾ ಯುಎಸ್‌ಬಿ ಪೋರ್ಟ್ ಇರ್ಬೋದು, ಪೆನ್‌ಡ್ರೈವ್ ಪ್ರಿಂಟರ್ ಹಾಕೋಕೆ ಅಂತ. ಕೀಬೋರ್ಡ್ ಚಿತ್ರದ ಪೋರ್ಟಲ್ಲಿ ಸ್ವಿಚ್ಚು ನೀವು ಒತ್ತೋ ಪ್ರತಿ ಕೀನೂ ಮೊದ್ಲು ತಾನು ಓದಿ ಆಮೇಲೆ ಕಂಪ್ಯೂಟರ್‌ಗೆ ಕೊಡುತ್ತೆ, ಹಾಟ್‌ಕೀ ಅದಕ್ಕೆ ಗೊತ್ತಾಗೋದು ಹಂಗೆ. ಸಾದಾ ಪೋರ್ಟಿಗೆ ಹಾಕಿದ್ರೆ ಅದು ಓದಲ್ಲ, ನೇರ ದಾಟಿಸುತ್ತೆ ಅಷ್ಟೆ. ಹಾಟ್‌ಕೀ ಹೋಗುತ್ತೆ, ಬಟನ್ ಒತ್ತಿಯೇ ಬದಲಾಯಿಸ್ಬೇಕು, ಆದ್ರೆ ಟೈಪಿಂಗ್‌ಗೆ ಕಾಟ ಇರಲ್ಲ. ವಾಲ್ಯೂಮ್ ಕೀ, ಕ್ಯಾಲ್ಕುಲೇಟರ್ ಕೀ ಕೆಲಸ ಮಾಡ್ತಿಲ್ಲ ಅನ್ನೋರಿಗೂ ಇದೇ ಮದ್ದು.

ಮೂರನೇದು, ಕೆವಿಎಂ ಬಿಟ್ಟು ಬರೀ ಯುಎಸ್‌ಬಿ ಸ್ವಿಚ್ ತಗೊಳ್ಳಿ, ಕೀಬೋರ್ಡ್ ಮೌಸ್ ಮಾತ್ರ ಅದಕ್ಕೆ. ಮಾನಿಟರ್‌ಗೆ ಎರಡು ಸಿಪಿಯುನೂ ನೇರ ಕೇಬಲ್ ಹಾಕಿ, ಹಳೇದು ವಿಜಿಎಗೆ ಹೊಸದು ಎಚ್‌ಡಿಎಂಐಗೆ, ಮಾನಿಟರ್‌ದೇ ಸೋರ್ಸ್ ಬಟನ್ ಒತ್ತಿ ಬದಲಾಯಿಸಿ. ಅಕ್ಷರ ಮಸುಕು ಅನ್ನೋದೂ ಇದ್ರಲ್ಲಿ ಹೋಗುತ್ತೆ. ಈಗ ಹೊಸ ಸಿಪಿಯು ಎಚ್‌ಡಿಎಂಐನ ಕನ್ವರ್ಟರ್ ಹಾಕಿ ವಿಜಿಎ ಮಾಡಿ ಸ್ವಿಚ್‌ಗೆ ಕೊಟ್ಟಿರ್ಬೇಕು ಅಲ್ವಾ? ವಿಜಿಎ ಅನಲಾಗ್ ಸಿಗ್ನಲ್, ಕನ್ವರ್ಟರ್, ಸ್ವಿಚ್, ತೆಳು ಕೇಬಲ್ ಅಂತ ದಾಟ್ತಾ ಹೋದಂಗೆ ಅಕ್ಷರದ ಅಂಚು ಕರಗುತ್ತೆ.

ಮಂಡಿಪೇಟೆ ಡಿಟಿಪಿ:
ಹೌದು ಸರ್ ಕನ್ವರ್ಟರ್ ಹಾಕಿದೀವಿ. ಸಾಯಂಕಾಲ ಅಂಗಡಿ ಮುಚ್ಚಿದ್ಮೇಲೆ ಕೂತು ನೋಡ್ತೀನಿ.

ಚಿಂತಾಮಣಿ ಯುನಿಕೋಡ್:
ಎಲ್ರೂ ಸ್ವಿಚ್ ಬಗ್ಗೆನೇ ಮಾತಾಡ್ತಿದೀರ, ರೋಗ ಬೇರೆ ಕಡೆ ಇದೆ. ಎಕ್ಸ್‌ಪಿಗೆ 2014 ಏಪ್ರಿಲ್‌ಗೇ ಸಪೋರ್ಟ್ ನಿಂತೋಯ್ತು. ಇವತ್ತಿಗೂ ಅದನ್ನ ನೆಚ್ಕೊಂಡು ವ್ಯಾಪಾರ ಮಾಡೋದು ಅಪಾಯ ಸರ್. ಹಾರ್ಡ್ ಡಿಸ್ಕ್ ಒಂದಿನ ಹೋದ್ರೆ ಅಷ್ಟೂ ವರ್ಷದ ಮ್ಯಾಟರ್ ಹೋಗುತ್ತೆ. ಎಲ್ಲಾನೂ ಯುನಿಕೋಡ್‌ಗೆ (ಯಾವ ಕಂಪ್ಯೂಟರಲ್ಲೂ ಓದೋಕಾಗೋ ಅಕ್ಷರ ಸಂಕೇತ) ಕನ್ವರ್ಟ್ ಮಾಡಿ, ಪೇಜ್‌ಮೇಕರ್ ಬದಲು ಇನ್‌ಡಿಸೈನ್‌ಗೆ ಬನ್ನಿ, ಒಂದೇ ಕಂಪ್ಯೂಟರ್ ಸಾಕಾಗುತ್ತೆ.

ಮಂಡಿಪೇಟೆ ಡಿಟಿಪಿ:
ಸರ್ ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದ್ರೆ ಪೇಜ್‌ಮೇಕರ್‌ಗೆ ಯುನಿಕೋಡ್ ಗೊತ್ತೇ ಇಲ್ಲ, ನಮ್ಮ ಲೇಔಟ್ ಎಲ್ಲಾ ನುಡಿ ಫಾಂಟಲ್ಲೇ ಕೂತಿರೋದು. ಪಠ್ಯ ಕನ್ವರ್ಟ್ ಮಾಡಿದ್ರೆ ಒತ್ತಕ್ಷರ ಒಂದೊಂದು ಕಡೆ ಒಡೆಯುತ್ತೆ, ಮತ್ತೆ ಮೊದಲಿಂದ ಪ್ರೂಫ್ ನೋಡ್ಬೇಕು. ಬಾರ್ಡರ್, ದೇವರ ಚಿತ್ರ, ಹೆಸರಿನ ಅಲಂಕಾರ ಎಲ್ಲಾ ಹೊಸದಾಗಿ ಕೂರಿಸ್ಬೇಕು. ಹೋದ ವರ್ಷ ಅಣ್ಣನ ಮದುವೆಗೆ ಮಾಡ್ಸಿದ ಪತ್ರಿಕೇನೇ ತಮ್ಮನಿಗೂ ಬೇಕು, ಹೆಸರು ತಾರೀಖು ಬದಲಾಯಿಸಿ ಕೊಡಿ ಅಂತ ಬರೋ ಗಿರಾಕಿನ ನಾಳೆ ಬನ್ನಿ ಅಂತ ಕಳಿಸೋಕಾಗುತ್ತಾ? ಆಮೇಲೆ ಬಟರ್ ಪೇಪರ್ ಮೇಲೆ ಪ್ರಿಂಟ್ ತೆಗಿಯೋ ಲೇಸರ್ ಪ್ರಿಂಟರ್ ಹಳೇ ಅಗಲ ಪೋರ್ಟಿಂದು, ಹೊಸ ಸಿಪಿಯುಲಿ ಆ ಪೋರ್ಟೇ ಇಲ್ಲ. ಹೊಸ ಕೆಲಸ ಎಲ್ಲಾ ಯುನಿಕೋಡಲ್ಲೇ ಶುರು ಮಾಡಿದೀವಿ, ಹಳೇದು ಹಳೇದ್ರಲ್ಲಿ.

ಗೌರಿಬಿದನೂರು ಲಿನಕ್ಸ್:
ಇನ್‌ಡಿಸೈನ್ ಸಿಎಸ್6 ತನಕ ಪೇಜ್‌ಮೇಕರ್ ಫೈಲ್ ತೆರೀತಿತ್ತು, ಆಮೇಲಿನ ಸಿಸಿ ಆವೃತ್ತಿಗಳಲ್ಲಿ ಅದನ್ನ ತೆಗೆದ್ರು. ಹಂಗಾಗಿ ಅವ್ರು ಹೇಳೋದ್ರಲ್ಲಿ ನ್ಯಾಯ ಇದೆ. ಆದ್ರೆ ಹಾರ್ಡ್ ಡಿಸ್ಕ್ ವಿಷ್ಯ ಚಿಂತಾಮಣಿಯವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಇವತ್ತೇ ಮ್ಯಾಟರ್ ಫೋಲ್ಡರ್ ಪೂರ್ತಿ ಎರಡು ಕಡೆ ಕಾಪಿ ಮಾಡಿಡಿ. ಇಡೀ ಡಿಸ್ಕನ್ನೇ ಇಮೇಜ್ ತೆಗೆದು ಹೊಸ ಕಂಪ್ಯೂಟರ್ ಒಳಗೆ ವರ್ಚುವಲ್ ಮಷಿನ್ (ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್) ಆಗಿ ಓಡಿಸೋಕೂ ಆಗುತ್ತೆ, ಆದ್ರೆ ಹಾರ್ಡ್‌ವೇರ್ ಬದಲಾಯ್ತು ಅಂತ ಎಕ್ಸ್‌ಪಿ ಮತ್ತೆ ಆಕ್ಟಿವೇಶನ್ ಕೇಳುತ್ತೆ, ಆ ಪ್ರಿಂಟರ್‌ದು ತಾಪತ್ರಯ ಆಗುತ್ತೆ. ಫೈಲ್ ತೆಗೆದು ನೋಡೋಕೆ ಸಾಕು, ಬಟರ್ ಪೇಪರ್ ತೆಗಿಯೋಕೆ ಹಳೇ ಸಿಪಿಯುನೇ ಬೇಕಾಗುತ್ತೆ.

ಮತ್ತೆ ಎಕ್ಸ್‌ಪಿಗೆ ಇಂಟರ್‌ನೆಟ್ ಕೇಬಲ್ ಹಾಕ್ಬೇಡಿ. ಇವ್ರಿಗೆ ಸಾಫ್ಟ್‌ವೇರ್ ಬೇಡ, ಸ್ವಿಚ್ಚೇ ಸರಿ ಅಂತ ನಾನು ಹೇಳೋಕೆ ದೊಡ್ಡ ಕಾರಣ ಇದೇ. ಸಾಫ್ಟ್‌ವೇರ್ ಕೀಬೋರ್ಡ್ ಹಂಚ್ಬೇಕಂದ್ರೆ ಎರಡೂ ಒಂದೇ ನೆಟ್‌ವರ್ಕಲ್ಲಿ ಇರ್ಬೇಕು.

ಕ್ಯಾತ್ಸಂದ್ರ ಹುಡುಗ:
ಸರಿ ಸರ್ ಒಪ್ಕೊಂಡೆ, ಇವ್ರಿಗೆ ಸ್ವಿಚ್ಚೇ ಇರ್ಲಿ. ನಂದು ಬೇರೆ ಕೇಸ್, ವಿಂಡೋಸ್ ಲ್ಯಾಪ್‌ಟಾಪ್ ಒಂದು, ಉಬುಂಟು ಡೆಸ್ಕ್‌ಟಾಪ್ ಒಂದು, ಎರಡಕ್ಕೂ ಸ್ಕ್ರೀನ್ ಇದೆ. ಏನು ಹಾಕ್ಲಿ?

ಗೌರಿಬಿದನೂರು ಲಿನಕ್ಸ್:
ನಿಮಗೆ ಡೆಸ್ಕ್‌ಫ್ಲೋ ನೋಡಿ, ಇಲ್ಲಾ ಇನ್‌ಪುಟ್ ಲೀಪ್. ಎರಡೂ ಸಿನರ್ಜಿ ಅನ್ನೋ ಕೀಬೋರ್ಡ್ ಮೌಸ್ ಹಂಚೋ ಸಾಫ್ಟ್‌ವೇರ್ ವಂಶದವೇ, ಫ್ರೀ. ಬ್ಯಾರಿಯರ್ ಅಂತ ಹಳೇ ವಿಡಿಯೋಗಳಲ್ಲಿ ಹೇಳ್ತಾರೆ, ಅದನ್ನ ಈಗ ಯಾರೂ ನೋಡ್ಕೊಳ್ತಿಲ್ಲ, ಬಿಡಿ. ಕೀಬೋರ್ಡ್ ಮೌಸ್ ಚುಚ್ಚಿರೋದು ಸರ್ವರ್, ಇನ್ನೊಂದು ಕ್ಲೈಂಟ್, ಫೈರ್‌ವಾಲಲ್ಲಿ 24800 ಪೋರ್ಟ್ ಬಿಡ್ಬೇಕು. ಉಬುಂಟುಲಿ ವೇಲ್ಯಾಂಡ್ (ಸ್ಕ್ರೀನ್ ಮೇಲೆ ಕಿಟಕಿ ತೋರಿಸೋ ವ್ಯವಸ್ಥೆ) ಇದ್ರೆ ಗ್ನೋಮ್ ಡೆಸ್ಕ್‌ಟಾಪ್ ಹೊಸ ಆವೃತ್ತಿ ಇರ್ಲಿ, ಹಳೇದ್ರಲ್ಲಿ ಮೌಸ್ ಅಂಚು ದಾಟಲ್ಲ. ಎನ್‌ಕ್ರಿಪ್ಶನ್ ಆನ್ ಮಾಡ್ಕೊಳ್ಳಿ, ನೀವು ಟೈಪ್ ಮಾಡೋ ಪಾಸ್‌ವರ್ಡೂ ವೈಫೈ ಮೇಲೇ ಹೋಗೋದು.

ಕನ್ನಡ ಟೈಪ್ ಮಾಡೋದಾದ್ರೆ ಇನ್ನೊಂದು: ಸರ್ವರ್ ಕಡೆ ಲೇಔಟ್ ಇಂಗ್ಲಿಷಲ್ಲೇ ಇರ್ಲಿ, ಕನ್ನಡಕ್ಕೆ ಬದಲಾಯಿಸೋದು ಕ್ಲೈಂಟ್ ಕಂಪ್ಯೂಟರಲ್ಲಿ ಮಾಡಿ. ಈ ಸಾಫ್ಟ್‌ವೇರ್‌ಗಳು ಕೀ ಯಾವ್ದು ಅನ್ನೋದಕ್ಕಿಂತ ಯಾವ ಅಕ್ಷರ ಅನ್ನೋದನ್ನ ಕಳಿಸೋಕೆ ನೋಡ್ತವೆ, ಎರಡು ಕಡೆನೂ ಕನ್ನಡ ಇದ್ರೆ ಗೊಂದಲ ಆಗುತ್ತೆ. ಹಾರ್ಡ್‌ವೇರ್ ಸ್ವಿಚಲ್ಲಿ ಈ ಕಾಟ ಇಲ್ಲ, ಅದು ಕೀ ನಂಬರ್ ಮಾತ್ರ ದಾಟಿಸೋದು, ಕನ್ನಡವೋ ಇಂಗ್ಲಿಷೋ ಅನ್ನೋದು ಆಯಾ ಕಂಪ್ಯೂಟರ್ ಜವಾಬ್ದಾರಿ.

ಕೋಲಾರ ಟೊಮೇಟೊ ಮಂಡಿ:
ನಮ್ದೂ ಒಂದು ಡೌಟು ಇಲ್ಲೇ ಕೇಳ್ಬಿಡ್ತೀನಿ. ಎಪಿಎಂಸೀಲಿ ಮಂಡಿ, ಕೌಂಟರ್ ಮೇಲೆ ಒಂದೇ ಮಾನಿಟರ್, ಸಿಸಿಟಿವಿ ಡಿವಿಆರೂ ಅದ್ರಲ್ಲೇ ನೋಡ್ಬೇಕು, ಬಿಲ್ಲಿಂಗೂ ಅದ್ರಲ್ಲೇ ಮಾಡ್ಬೇಕು. ಬೆಳಗ್ಗೆ ಹರಾಜು ಟೈಮಲ್ಲಿ ಬಾಕ್ಸ್ ಲೆಕ್ಕ ಬರೀತಾ ಇರ್ತೀವಿ, ಆಗ್ಲೇ ಗೇಟಲ್ಲಿ ಯಾವ ಗಾಡಿ ಬಂತು ಅಂತಾನೂ ನೋಡ್ಬೇಕು. ಡಿವಿಆರ್‌ಗೆ ಕೆವಿಎಂ ಹಾಕ್ಬೋದಾ?

ಬಂಗಾರಪೇಟೆ 73:
ಅಣ್ಣಾ ಹಾಕ್ಬೋದು, ಆದ್ರೆ ಕೆಲವು ಡಿವಿಆರ್ ಸ್ವಿಚ್ ಮೂಲಕ ಬಂದ ಮೌಸ್ ಹಿಡಿಯಲ್ಲ. ನಿಮಗೆ ಅದೇ ಬೇಡ. ಡಿವಿಆರ್‌ನ ರೂಟರ್‌ಗೆ ಲ್ಯಾನ್ ಕೇಬಲಲ್ಲಿ ಸೇರಿಸಿ, ಬಿಲ್ಲಿಂಗ್ ಕಂಪ್ಯೂಟರಲ್ಲೇ ಡಿವಿಆರ್ ಕಂಪನಿಯ ಸಾಫ್ಟ್‌ವೇರ್ ಹಾಕಿ, ಮೂಲೇಲಿ ಒಂದು ಚಿಕ್ಕ ಕಿಟಕೀಲಿ ಗೇಟ್ ಕ್ಯಾಮೆರಾ ಕಾಣ್ತಾ ಇರುತ್ತೆ. ಏನೂ ಬದಲಾಯಿಸೋ ಕೆಲಸಾನೇ ಇಲ್ಲ. ಡಿವಿಆರ್ ಪಾಸ್‌ವರ್ಡ್ ಮಾತ್ರ ಫ್ಯಾಕ್ಟರಿಯಿಂದ ಬಂದಿದ್ದೇ ಬಿಡ್ಬೇಡಿ.

ಕೋಲಾರ ಟೊಮೇಟೊ ಮಂಡಿ:
ಹಂಗೂ ಆಗುತ್ತಾ! ಒಳ್ಳೇದಾಯ್ತು ತಮ್ಮ. ಅಂದಂಗೆ ಸ್ಕ್ರೋಲ್ ಲಾಕ್ ಅಂದ್ರಲ್ಲ, ನಮ್ಮ ಎಕ್ಸೆಲಲ್ಲಿ ಆರೋ ಒತ್ತಿದ್ರೆ ಸೆಲ್ ಬಿಟ್ಟು ಇಡೀ ಶೀಟೇ ಜರುಗ್ತಿತ್ತು, ಅದೂ ಈ ಕೀನೇ ಇರ್ಬೇಕು.

ಎಸ್‌ಐಟಿ ಎಕ್ಸ್‌ಟೆನ್ಶನ್ ಅಕ್ಕ:
ಅದೇ ಸರ್. ಸ್ಕ್ರೋಲ್ ಲಾಕ್ ಆನ್ ಇದ್ರೆ ಎಕ್ಸೆಲ್ ಹಂಗೇ ಮಾಡುತ್ತೆ. ಒಂದ್ಸಲ ಒತ್ತಿ ಆಫ್ ಮಾಡಿ.

ಪಾವಗಡ ಗೇಮರ್:
ಗೇಮ್ ಆಡೋರು ಕಮ್ಮಿ ರೇಟಿನ ಕೆವಿಎಂ ತಗೋಬೇಡಿ. ಎಚ್‌ಡಿಎಂಐ 1.4 ಇರೋದ್ರಲ್ಲಿ 4ಕೆ ಬರೀ 30 ಹರ್ಟ್ಸ್, 60 ಬೇಕಂದ್ರೆ 2.0 ಇರ್ಬೇಕು. ಡಬ್ಬಿ ಮೇಲೆ 4ಕೆ ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ, 30 ಅನ್ನೋದು ಸಣ್ಣದಾಗಿ ಇರುತ್ತೆ.

ಹಳೇ ವೈರ್‌ಮನ್:
ನಾನು ಕಂಪ್ಯೂಟರ್‌ನವನಲ್ಲ, ವೈರಿಂಗ್ ಕೆಲಸದವನು, ಅದಕ್ಕೇ ಒಂದು ಮಾತು ಹೇಳ್ಲೇಬೇಕು. ಎರಡು ಸಿಪಿಯುನ ಒಂದೇ ಸ್ವಿಚ್‌ಗೆ ಕೇಬಲಲ್ಲಿ ಸೇರಿಸಿದ್ರೆ ಅವುಗಳ ಬಾಡಿನೂ ಕೇಬಲ್ ಕವಚದ ಮೂಲಕ ಒಂದಾಗುತ್ತೆ. ಒಂದು ಸಿಪಿಯು ಅರ್ಥಿಂಗ್ ಇರೋ ಪಾಯಿಂಟಿಗೆ, ಇನ್ನೊಂದು ಎರಡು ಪಿನ್ ಎಕ್ಸ್‌ಟೆನ್ಶನ್‌ಗೆ ಹಾಕಿದ್ರೆ ಲೀಕೇಜು ಆ ಕೇಬಲಲ್ಲೇ ಓಡಾಡುತ್ತೆ, ಕೇಬಲ್ ಚುಚ್ಚುವಾಗ ಜುಮ್ ಅನ್ನುತ್ತೆ, ಪೋರ್ಟ್ ಸುಡೋದೂ ಉಂಟು. ಹಳೇ ಅಂಗಡಿಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತೆ, ಹಿಂದೆ ಅರ್ಥ್ ವೈರೇ ಇರಲ್ಲ. ಎರಡೂ ಸಿಪಿಯು, ಮಾನಿಟರ್, ಎಲ್ಲಾ ಒಂದೇ ಬೋರ್ಡಿಂದ, ಅರ್ಥ್ ಇರೋ ಪಾಯಿಂಟಿಂದ ತಗೊಳ್ಳಿ. ಕೇಬಲ್ ಮೊದ್ಲು ಚುಚ್ಚಿ, ಆಮೇಲೆ ಪವರ್ ಹಾಕಿ.

ಮಂಡಿಪೇಟೆ ಡಿಟಿಪಿ:
ಇದು ಯಾರೂ ಹೇಳಿರ್ಲಿಲ್ಲ ಯಜಮಾನ್ರೆ. ನಮ್ಮ ಹೊಸ ಸಿಪಿಯು ಎಕ್ಸ್‌ಟೆನ್ಶನ್ ಬಾಕ್ಸಲ್ಲೇ ಇದೆ. ಯುಪಿಎಸ್ ಇರೋದು ಹಳೇದಕ್ಕೆ ಮಾತ್ರ, 600 ವಿಎ.

ಹಳೇ ವೈರ್‌ಮನ್:
ಆ ಯುಪಿಎಸ್‌ಗೆ ಎರಡೂ ಹಾಕ್ಬೇಡಿ, 600 ವಿಎ ಅಂದ್ರೆ ಅಂದಾಜು 360 ವ್ಯಾಟ್, ಕರೆಂಟ್ ಹೋದ ತಕ್ಷಣ ಎರಡೂ ಒಟ್ಟಿಗೆ ಎಳೆದ್ರೆ ನಿಲ್ಲಲ್ಲ. 1 ಕೆವಿಎ ತಗೊಂಡು ಎರಡನ್ನೂ ಅದರ ಮೇಲೇ ತನ್ನಿ, ಅರ್ಥಿಂಗೂ ಒಂದೇ ಆಗುತ್ತೆ. ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಬೇಡ, ಲೇಸರ್ ಬಿಸಿಯಾಗುವಾಗ ಬಹಳ ಎಳೆಯುತ್ತೆ.

ಶಿಡ್ಲಘಟ್ಟ ಮೇಷ್ಟ್ರು:
ನಮ್ಮ ಸಮಸ್ಯೆ ಇದಕ್ಕೆ ಉಲ್ಟಾ. ಶಾಲೆ ಲ್ಯಾಬಲ್ಲಿ ಮಾನಿಟರ್ ಕೀಬೋರ್ಡ್ ಬೇಕಾದಷ್ಟಿವೆ, ಸಿಪಿಯುಗಳೇ ಕೆಟ್ಟಿರೋದು. ಒಂದೇ ಒಳ್ಳೇ ಸಿಪಿಯುಗೆ ನಾಲ್ಕು ಮಾನಿಟರ್ ನಾಲ್ಕು ಕೀಬೋರ್ಡ್ ಹಾಕಿ ನಾಲ್ಕು ಮಕ್ಕಳು ಬೇರೆ ಬೇರೆ ಕೆಲಸ ಮಾಡೋ ಹಂಗೆ ಆಗುತ್ತಾ? ಎಚ್‌ಡಿಎಂಐ ಸ್ಪ್ಲಿಟರ್ ತಂದ್ರೆ ಸಾಕಾ?

ಗೌರಿಬಿದನೂರು ಲಿನಕ್ಸ್:
ಸ್ಪ್ಲಿಟರ್ ಬೇಡ ಮೇಷ್ಟ್ರೆ, ಅದ್ರಲ್ಲಿ ನಾಲ್ಕು ಸ್ಕ್ರೀನಲ್ಲೂ ಒಂದೇ ಚಿತ್ರ ಬರುತ್ತೆ. ನೀವು ಕೇಳ್ತಿರೋದು ಮಲ್ಟಿಸೀಟ್. ಲಿನಕ್ಸಲ್ಲಿ ಸಿಸ್ಟಮ್ ಶುರು ಮಾಡೋ ಸಿಸ್ಟಮ್‌ಡಿ ಒಳಗೇ ಇದೆ, ಲಾಗಿನ್‌ಸಿಟಿಎಲ್ ಅನ್ನೋ ಕಮಾಂಡಲ್ಲಿ ಈ ಗ್ರಾಫಿಕ್ಸ್ ಕಾರ್ಡ್, ಈ ಯುಎಸ್‌ಬಿ ಹಬ್ ಎರಡನೇ ಸೀಟಿಗೆ ಅಂತ ಕಟ್ಟಿದ್ರೆ ಅಲ್ಲೊಂದು ಬೇರೆ ಲಾಗಿನ್ ಪರದೆ ಬರುತ್ತೆ. ತೊಡಕು ಏನಂದ್ರೆ ಸಾಮಾನ್ಯವಾಗಿ ಸೀಟಿಗೊಂದು ಗ್ರಾಫಿಕ್ಸ್ ಕಾರ್ಡ್ ಬೇಕು, ಒಂದೇ ಕಾರ್ಡಿನ ಎರಡು ಪೋರ್ಟನ್ನ ಇಬ್ರಿಗೆ ಸುಲಭಕ್ಕೆ ಹಂಚೋಕಾಗಲ್ಲ. ಬೋರ್ಡ್ ಮೇಲಿರೋದೊಂದು, ಹಳೇ ಕಾರ್ಡ್ ಒಂದು ಹಾಕಿದ್ರೆ ಎರಡು ಸೀಟ್ ಆರಾಮಾಗಿ ಆಗುತ್ತೆ. ನಾಲ್ಕು ಬೇಕಂದ್ರೆ ಕೆಟ್ಟ ಸಿಪಿಯುಗಳಲ್ಲಿ ಹಾರ್ಡ್ ಡಿಸ್ಕ್ ಮಾತ್ರ ಹೋಗಿದ್ರೆ ಅವನ್ನ ನೆಟ್‌ವರ್ಕಿಂದಲೇ ಬೂಟ್ ಮಾಡ್ಸೋದು ವಾಸಿ. ಯಾವ ಸಿಪಿಯುಗೆ ಏನಾಗಿದೆ ಅಂತ ಬೇರೆ ಪೋಸ್ಟ್ ಹಾಕಿ, ಭಾನುವಾರ ಶಿಡ್ಲಘಟ್ಟಕ್ಕೆ ಬಂದೂ ನೋಡ್ತೀನಿ.

ಶಿಡ್ಲಘಟ್ಟ ಮೇಷ್ಟ್ರು:
ಬಹಳ ಉಪಕಾರ ಆಯ್ತು. ಇವತ್ತೇ ಹಾಕ್ತೀನಿ.

ಸಿರಾಗೇಟ್ ಡಬ್ಲ್ಯುಎಫ್‌ಎಚ್:
ನಂದು ಬೆಂಗಳೂರು ಕಂಪನಿ, ವಾರಕ್ಕೆರಡು ದಿನ ರೈಲು, ಉಳಿದಿದ್ದು ಮನೇಲಿ. ಆಫೀಸ್ ಲ್ಯಾಪ್‌ಟಾಪಲ್ಲಿ ಯಾವ ಸಾಫ್ಟ್‌ವೇರೂ ಹಾಕೋಹಾಗಿಲ್ಲ, ಅದ್ರಿಂದ ಮೌಸ್ ವಿದೌಟ್ ಬಾರ್ಡರ್ಸ್ ಎಲ್ಲಾ ನಮಗೆ ಇಲ್ಲ. ಮೂರು ಡಿವೈಸ್ ಬ್ಲೂಟೂತ್ ಕೀಬೋರ್ಡ್ ತಗೊಂಡೆ, ಅದ್ರಲ್ಲಿ ಒಂದು ಕೀ ಒತ್ತಿದ್ರೆ ಇನ್ನೊಂದು ಲ್ಯಾಪ್‌ಟಾಪ್. ಆದ್ರೆ ಮೌಸ್‌ಗೆ ಬೇರೆ ಬಟನ್, ಮಾನಿಟರ್‌ಗೆ ಬೇರೆ ಬಟನ್, ಮೂರೂ ಒತ್ತಿ ಮುಗಿಯೋ ಹೊತ್ತಿಗೆ ಮೀಟಿಂಗಲ್ಲಿ ಹೆಸರು ಕರೆದಿರ್ತಾರೆ. ಎಲ್ಲಾ ಒಂದೇ ಸಲ ಬದಲಾಗೋ ತರ ಏನಿದೆ?

ಗೌರಿಬಿದನೂರು ಲಿನಕ್ಸ್:
ನಿಮ್ಮ ಸ್ವಂತ ಕಂಪ್ಯೂಟರಲ್ಲಿ ಮಾನಿಟರ್‌ಗೆ ಡಿಡಿಸಿ (ವಿಡಿಯೋ ಕೇಬಲಲ್ಲೇ ಮಾನಿಟರ್ ಜೊತೆ ಮಾತಾಡೋ ದಾರಿ) ಮೂಲಕ ಆಜ್ಞೆ ಕಳಿಸಿ ಇನ್‌ಪುಟ್ ಬದಲಾಯಿಸ್ಬೋದು, ಲಿನಕ್ಸಲ್ಲಿ ಡಿಡಿಸಿಯುಟಿಲ್ ಅಂತಿದೆ, ಇನ್‌ಪುಟ್ ಬದಲಾಯಿಸೋ ಕೋಡ್ 60. ಶಾರ್ಟ್‌ಕಟ್ ಕೀಗೆ ಕಟ್ಟಿಕೊಂಡ್ರೆ ಮಾನಿಟರ್ ಬಟನ್ ತಪ್ಪುತ್ತೆ. ಆದ್ರೆ ಆಫೀಸ್ ಲ್ಯಾಪ್‌ಟಾಪಿಂದ ವಾಪಸ್ ಬರೋಕೆ ಅದಾಗಲ್ಲ.

ಎಸ್‌ಐಟಿ ಎಕ್ಸ್‌ಟೆನ್ಶನ್ ಅಕ್ಕ:
ಅವ್ರಿಗೆ ಕೆವಿಎಂ ಒಳಗೇ ಇರೋ ಮಾನಿಟರ್ ಸರಿ ಹೋಗುತ್ತೆ. ಅಥವಾ ಒಳ್ಳೇ ಕೆವಿಎಂ ಸ್ವಿಚ್, ಕೊಳ್ಳುವಾಗ ಇಡಿಐಡಿ ಎಮ್ಯುಲೇಶನ್ ಇದೆಯಾ ಅಂತ ಕೇಳಿ. ಅದಿಲ್ದಿದ್ರೆ ಬದಲಾಯಿಸಿದ ಪ್ರತಿ ಸಲ ಲ್ಯಾಪ್‌ಟಾಪ್ ಮಾನಿಟರ್ ಕಿತ್ತುಹೋಯ್ತು ಅಂದ್ಕೊಂಡು ತೆರೆದಿರೋ ಕಿಟಕಿಗಳನ್ನೆಲ್ಲಾ ಚಿಕ್ಕ ಸ್ಕ್ರೀನಿಗೆ ಗುಡ್ಡೆ ಹಾಕುತ್ತೆ. ಎಮ್ಯುಲೇಶನ್ ಇದ್ರೆ ಮಾನಿಟರ್ ಇನ್ನೂ ಇಲ್ಲೇ ಇದೆ ಅಂತ ಸ್ವಿಚ್ಚೇ ಹೇಳ್ತಾ ಇರುತ್ತೆ. ಬೆಂಗಳೂರು ಎಸ್‌ಪಿ ರೋಡಲ್ಲಿ ತಗೊಳೋದಾದ್ರೆ ಅಂಗಡೀಲೇ ಎರಡು ಲ್ಯಾಪ್‌ಟಾಪ್ ಹಾಕಿ ತೋರ್ಸಿ ಅನ್ನಿ. ಕನ್ನಡ ಟೈಪ್ ಮಾಡೋರು ಹಾಟ್‌ಕೀ ಯಾವ್ದು, ಬದಲಾಯಿಸೋಕೆ ಆಗುತ್ತಾ ಅಂತ ಮೊದ್ಲೇ ಕೇಳಿ, ಅಂಗಡಿಯವ್ರು ತಾವಾಗಿ ಹೇಳಲ್ಲ.

ಮಂಡಿಪೇಟೆ ಡಿಟಿಪಿ:
ರಾತ್ರಿ ಕೂತು ಮಾಡಿದೆ. ಚೀಟೀಲಿ ಹಾಟ್‌ಕೀ ಬದಲಾಯಿಸೋದು ಇರ್ಲಿಲ್ಲ. ಹಿಂದೆ ಸಾದಾ ಯುಎಸ್‌ಬಿ ಪೋರ್ಟ್ ಇತ್ತು, ಕೀಬೋರ್ಡ್ ಅದಕ್ಕೆ ಹಾಕಿದೆ. ಸ್ಕ್ರೋಲ್ ಲಾಕ್ ಎಷ್ಟು ಪಟಪಟ ಒತ್ತಿದ್ರೂ ಅಲ್ಲೇ ಇರುತ್ತೆ. ಹೊಸ ಸಿಪಿಯುನ ಎಚ್‌ಡಿಎಂಐಯಿಂದ ನೇರ ಮಾನಿಟರ್‌ಗೆ ಕೊಟ್ಟೆ, ಅಕ್ಷರ ಕಣ್ಣಿಗೆ ಕುಕ್ಕಿದಂಗೆ ಚೊಕ್ಕ ಬರ್ತಿದೆ. ಈಗ ಎರಡು ಬಟನ್ ಒತ್ತಬೇಕು, ಸ್ವಿಚ್‌ದೊಂದು ಮಾನಿಟರ್‌ದೊಂದು, ಪರವಾಗಿಲ್ಲ. ಅರ್ಥಿಂಗ್ ನೋಡೋಕೆ ನಾಳೆ ವೈರ್‌ಮನ್ ಬರ್ತಾರೆ, ಮ್ಯಾಟರ್ ಫೋಲ್ಡರ್ ಕಾಪಿ ಆಗ್ತಾ ಇದೆ. ಮೇಡಂಗೆ, ಗೌರಿಬಿದನೂರು ಸರ್‌ಗೆ, ಎಲ್ರಿಗೂ ದೊಡ್ಡ ನಮಸ್ಕಾರ.

ಚಿಂತಾಮಣಿ ಯುನಿಕೋಡ್:
ಕಾಪಿ ಆಗ್ತಿದೆ ಅಂದ್ರಲ್ಲ, ಅಷ್ಟು ಸಾಕು ನನಗೆ. ನುಡಿ ಫಾಂಟ್ ಫೈಲ್‌ಗಳನ್ನೂ ಆ ಫೋಲ್ಡರ್ ಜೊತೆ ಸೇರಿಸಿ, ಫಾಂಟ್ ಇಲ್ದಿದ್ರೆ ಮ್ಯಾಟರ್ ಓದೋಕಾಗಲ್ಲ.

ಸಿರಾಗೇಟ್ ಡಬ್ಲ್ಯುಎಫ್‌ಎಚ್:
ಕೆವಿಎಂ ಇರೋ ಮಾನಿಟರ್ ಒಂದು ನೋಡಿದೆ ಅಕ್ಕ. ಒಂದು ಲ್ಯಾಪ್‌ಟಾಪ್ ಟೈಪ್ ಸಿ ಕೇಬಲಲ್ಲಿ, ಇನ್ನೊಂದು ಎಚ್‌ಡಿಎಂಐಲಿ. ಎಚ್‌ಡಿಎಂಐಲಿ ಹಾಕಿದ್ದಕ್ಕೆ ಕೀಬೋರ್ಡ್ ಹೋಗುತ್ತಾ?

ಎಸ್‌ಐಟಿ ಎಕ್ಸ್‌ಟೆನ್ಶನ್ ಅಕ್ಕ:
ಎಚ್‌ಡಿಎಂಐಲಿ ಚಿತ್ರ, ಧ್ವನಿ ಹೋಗುತ್ತೆ, ಕೀಬೋರ್ಡ್ ಹೋಗಲ್ಲ. ಆ ಲ್ಯಾಪ್‌ಟಾಪಿಂದ ಮಾನಿಟರ್ ಹಿಂದಿನ ಚೌಕ ಪೋರ್ಟಿಗೆ ಇನ್ನೊಂದು ಯುಎಸ್‌ಬಿ ಕೇಬಲ್ ಹಾಕ್ಬೇಕು, ಆಮೇಲೆ ಮಾನಿಟರ್ ಮೆನುಲಿ ಆ ಪೋರ್ಟನ್ನ ಎಚ್‌ಡಿಎಂಐ ಜೊತೆ ಜೋಡಿಸ್ಬೇಕು. ಕೇಬಲ್ ಡಬ್ಬೀಲಿ ಇಲ್ದಿದ್ರೆ ಪ್ರಿಂಟರ್ ಕೇಬಲ್ ಹಾಕಿ, ಕೀಬೋರ್ಡ್ ಮೌಸ್‌ಗೆ ಅದೇ ಸಾಕು.